ಕೊಟ್ಟಿಗೆಯ ಒಲೆ

ಆ ಊರಿನಲ್ಲಿ ಒಲೆ ಹಾಕುವುದೆಂದರೆ ಕಸ್ತೂರಬಾಯಿಯೇ ಹಾಕಬೇಕು. ಕಾಸಾರಶಿರಸಿಯಿಂದ ಎರಡು ಹರದಾರಿ ನಡೆದರೆ ಸಿಗುವ ನೂರು ಮನೆಯ ಊರು. ಅದರಲ್ಲಿ ಅರ್ಧದಷ್ಟು ಅಡುಗೆಮನೆಗಳಲ್ಲಿ ಉರಿಯುತ್ತಿದ್ದುದು ಆಕೆಯ ಕೈಯ ಒಲೆಯೇ. ಹೊಸ ಸೊಸೆ ಬರಲಿ, ಹಳೆಯ ಒಲೆ ಬಿರುಕು ಬಿಡಲಿ, "ಕಸ್ತೂರಕ್ಕಾ, ನಮ್ಮನಿಗಿ ಒಂದ್ ಒಲಿ ಹಾಕಿಕೊಡ್ರಿ" ಎಂದು ಯಾರಾದರೊಬ್ಬರು ಬಾಗಿಲಿಗೆ ಬರುವರು. ಹುತ್ತದ ಮಣ್ಣು, ಕುದುರೆ ಲದ್ದಿ, ಜೋಳದ ಹೊಟ್ಟು ಸೇರಿಸಿ ಎರಡು ದಿನ ನೆನೆಹಾಕಿ, ಕಾಲಿನಿಂದ ತುಳಿದು ಹದ ಮಾಡಿ ಕೂತಳೆಂದರೆ ಮಧ್ಯಾಹ್ನದೊಳಗೆ ಒಲೆ ಎದ್ದು ನಿಲ್ಲುತ್ತಿತ್ತು. ಅಳತೆಗೆ ಕೋಲು ಬೇಡ, ದಾರ ಬೇಡ. ಬಾಯಿ ಒಂದು ಗೇಣು, ಎತ್ತರ ಒಂದು ಗೇಣು ನಾಲ್ಕು ಬೆರಳು, ಮೇಲೆ ರೊಟ್ಟಿಯ ಹಂಚು ಕೂಡಲು ಮೂರು ಗುಂಡು. ಎಲ್ಲ ಮುಗಿದ ಮೇಲೆ ಒದ್ದೆ ಮಣ್ಣಿಗೆ ಹೆಬ್ಬೆರಳು ಒತ್ತಿ ಒಲೆಯ ಹಣೆಗೆ ಒಂದು ಸಾಲು ಬಿಲ್ವದೆಲೆ ಮೂಡಿಸುತ್ತಿದ್ದಳು. ಉಳಿದದ್ದೆಲ್ಲ ಅತ್ತೆ ಕಲಿಸಿದ್ದು. ಬಿಲ್ವದೆಲೆ ಮಾತ್ರ ಆಕೆಯ ಸ್ವಂತದ್ದು. ಯಾಕೆ ಹಾಕುತ್ತೀ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಕೈಗೆ ಬಂತು, ಹಾಕಿದೆ, ಅಷ್ಟೆ.

ಆಕೆಯ ಸ್ವಂತ ಮನೆಯ ಒಲೆಗೆ ಮೂವತ್ತು ವರ್ಷ. ಪ್ರತಿ ಶ್ರಾವಣದಲ್ಲಿ ಮೈಗೆ ಮಣ್ಣು ಮೆತ್ತಿ ಹೊಸದು ಮಾಡುತ್ತಿದ್ದಳೇ ಹೊರತು ಒಡೆದದ್ದಿಲ್ಲ. ಒಡೆಯುವಂತೆಯೂ ಇಲ್ಲ. ಮನೆಯ ಹಿರಿಯ ಹೆಂಗಸು ಸತ್ತರೆ ಹಳೆಯ ಒಲೆ ಒಡೆಯಬೇಕು. ಅಣ್ಣತಮ್ಮಂದಿರು ಬೇರೆಯಾದರೆ ಎರಡನೆಯ ಒಲೆ ಹೂಡಬೇಕು. ಅದು ಆ ಊರಿನ ರಿವಾಜು. ಆ ಎರಡನೆಯ ಒಲೆಗೆ ತಾಯಿಯ ಕೈಯೇ ಬೇಕು. ಎಷ್ಟೋ ಮನೆಗಳಲ್ಲಿ ತಾಯಂದಿರ ಕೈ ನಡುಗಿದಾಗ ಕಸ್ತೂರಬಾಯಿಯೇ ಮಗ್ಗುಲಲ್ಲಿ ಕೂತು, ಅವರ ಕೈ ಹಿಡಿದು ಮಣ್ಣು ಮೆತ್ತಿಸಿದ್ದಳು. ಅಂಥ ದಿನ ಮನೆಗೆ ಬಂದು ಕೈ ತೊಳೆಯುವಾಗ, ನಾನು ಇರೋತನಕ ನನ್ನ ಮನೆಗೆ ಒಂದೇ ಒಲೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ದೇವರ ಮುಂದೆ ನಿಂತಾಗಲೂ ಅದೇ ಬೇಡಿಕೆ, ಬೇರೆ ಏನಿಲ್ಲ.

ಈಗ ಮನೆಯಲ್ಲಿ ಹತ್ತು ಮಂದಿ. ಗಂಡ ರೇವಣಪ್ಪ; ಹಿರಿಯ ಮಗ ವೀರಭದ್ರ, ಅವನ ಹೆಂಡತಿ ಶಿರೂರ ಅನಂತಪಾಳದ ಸುಮನಬಾಯಿ; ಕಿರಿಯ ಮಗ ಕಲ್ಯಾಣಪ್ಪ, ಅವನ ಹೆಂಡತಿ ಉದಗೀರದ ಚಂಪಾಬಾಯಿ; ಮೇಲೆ ನಾಲ್ಕು ಮೊಮ್ಮಕ್ಕಳು. ಹತ್ತು ಬಾಯಿಗೆ ರೊಟ್ಟಿ ಬಡಿಯುವ ಅಡುಗೆಮನೆಗೆ ಒಂದು ಕಿಟಕಿಯೂ ಇರಲಿಲ್ಲ. ಇತ್ತು, ಮೊದಲು ಇತ್ತು. ರಜಾಕಾರರ ಗದ್ದಲದ ವರ್ಷ ಹೆದರಿಕೊಂಡು ಕಲ್ಲು ಮಣ್ಣು ತುಂಬಿ ಮುಚ್ಚಿದರು. ಪೊಲೀಸ್ ಆ್ಯಕ್ಶನ್ ಆಯಿತು, ಹೆದರಿಕೆ ಹೋಯಿತು, ಆದರೆ ಅಷ್ಟರೊಳಗೆ ರೇವಣಪ್ಪನ ದಾಯಾದಿ ಬಕ್ಕಪ್ಪ ಆಚೆ ಕಡೆಯಿಂದ ಅದೇ ಗೋಡೆಗೆ ಒತ್ತಿ ತನ್ನ ದನದ ಮನೆ ಕಟ್ಟಿಕೊಂಡಿದ್ದ. ಮಾಳಿಗೆಗಾದರೂ ಒಂದು ತೂತು ಹಾಕಿಸಿ ಎಂದರೆ ರೇವಣಪ್ಪ ಕೇಳುವವನಲ್ಲ. "ನಮ್ಮಪ್ಪ ಹಾಕಿದ ಮಾಳಿಗಿ. ತೂತು ಹೊಡೆದು ಮಳಿ ನೀರು ಒಳಗ ಕರೀಲೇನು?" ಎನ್ನುತ್ತಿದ್ದ. ಹೋದ ವರ್ಷ ತಾಲೂಕು ಬೀದರ ಜಿಲ್ಲೆ ಬಿಟ್ಟು ಉಸ್ಮಾನಾಬಾದಕ್ಕೆ ಸೇರಿತು, ರಾಜ್ಯವೇ ಬದಲಾಯಿತು, ಶಾಲೆಗೆ ಮರಾಠಿ ಮಾಸ್ತರ ಬಂದ. ಈ ಅಡುಗೆಮನೆಯ ಹೊಗೆಗೆ ಮಾತ್ರ ಯಾವ ಸರಕಾರವೂ ದಾರಿ ತೋರಿಸಲಿಲ್ಲ.

ಕಸ್ತೂರಬಾಯಿಗೆ ಆ ಹೊಗೆ ಒಗ್ಗಿಹೋಗಿತ್ತು. ಒಗ್ಗುವುದೇನು, ಅದರಿಂದ ಉಪಕಾರವೂ ಆಗಿತ್ತು. ಗದ್ದಲದ ವರ್ಷ ರೇವಣಪ್ಪ ನಾಲ್ಕು ತಿಂಗಳು ಸೊಲ್ಲಾಪುರದ ಕಡೆ ತಲೆ ಮರೆಸಿಕೊಂಡಿದ್ದಾಗ, ಆಮೇಲೆ ಒಬ್ಬಳೇ ಮಗಳು ಬಾಣಂತನದಲ್ಲಿ ತೀರಿಹೋದಳೆಂದು ಸುದ್ದಿ ಬಂದಾಗ, ಆಕೆ ಒಲೆಯ ಮುಂದೆಯೇ ಕೂತು ಅತ್ತಿದ್ದಳು. ಯಾರಾದರೂ ಕೇಳಿದರೆ "ಹೊಗಿ, ಹೊಗಿ" ಅಂದರೆ ಸಾಕಿತ್ತು. ಮನೆ ತುಂಬ ಮಂದಿ ಇರುವಲ್ಲಿ ಹೆಂಗಸು ಅಳಲಿಕ್ಕೆ ಇನ್ನೆಲ್ಲಿ ಹೋಗಬೇಕು? ಈಗ ಮಾತ್ರ ಕಣ್ಣು ಸೋತಿದ್ದವು. ಸಂಜೆಯಾದರೆ ಅಕ್ಕಿಯಲ್ಲಿನ ಕಲ್ಲು ಕಾಣುತ್ತಿರಲಿಲ್ಲ.

ಅಡುಗೆಯ ಪಾಳಿಗೆ ಸೊಸೆಯರ ಜಗಳ ಜೋರಾದದ್ದು ದೀಪಾವಳಿ ಮುಗಿದ ವಾರ. ಸುಮನಬಾಯಿಗೆ ಎರಡು ವರ್ಷದಿಂದ ಕೆಮ್ಮು. ಒಲೆಯ ಮುಂದೆ ಕೂತರೆ ಎದೆ ಹಿಡಿದುಕೊಳ್ಳುವಷ್ಟು. ಆ ದಿನ ಬೆಳಗ್ಗೆ ಕಸ್ತೂರಬಾಯಿ ಮಜ್ಜಿಗೆ ಕಡೆಯುತ್ತಿದ್ದಾಗ ಒಳಗಿನಿಂದ ಮಾತು ಕೇಳಿಸಿತು.

"ಇವತ್ತಿನ ಪಾಳಿ ನಿಂದದ, ಚಂಪಾ."

"ನಿನ್ನಿನೂ ನಾನೇ ಮಾಡೀನಲ್ಲ ಅಕ್ಕಾ."

"ನಿನ್ನಿ ಸೋಮವಾರ. ಎಲ್ಲಾರದೂ ಒಪ್ಪತ್ತು. ಒಪ್ಪತ್ತಿನ ಅಡಗಿ ಪಾಳ್ಯಾಗ ಹಿಡೀತಾರೇನ?"

"ಯಾಕ, ಸೋಮವಾರ ಹೊಗಿನೂ ಒಪ್ಪತ್ತು ಮಾಡ್ತದೇನು? ನನ್ನ ಕಣ್ಣ ನೋಡು, ಹ್ಯಾಂಗ ಆಗ್ಯಾವ."

"ನಿಂಗ ಕಣ್ಣಷ್ಟೇ. ನಂಗ ಜೀವಾನೇ ಹೋಗ್ಲಿಕತ್ತದ. ನಾ ಸತ್ರ ನಿಂಗ ಛಲೋ ಆಗ್ತದ, ಪಾಳೀನೇ ಇರಂಗಿಲ್ಲ."

"ಸಾಕು ಮಾಡ್ರೇ!" ಕಸ್ತೂರಬಾಯಿ ಕಡಗೋಲು ಬಿಟ್ಟು ಎದ್ದಳು. "ದಿನಾ ಬೆಳಗಾದ್ರ ಇದೇ ಹಾಡು. ನಮ್ಮತ್ತಿ ಇದ್ದಾಗ ನಾವು ಮೂರು ಮಂದಿ ನೆಗೆಣ್ಣೇರು ಒಂದೇ ಒಲಿ ಮುಂದ ಬಾಳ್ವಿ ಮಾಡೀವಿ. ಪಾಳಿ ಲೆಕ್ಕಾ ಹಾಕಿಲ್ಲ. ನಿಮ್ಮಿಬ್ಬರಿಗಿ ಏನಾಗ್ಯದ?"

ಚಂಪಾಬಾಯಿ ಊದುಗೊಳವೆ ಕೆಳಗಿಟ್ಟಳು. ಸಣ್ಣ ಹುಡುಗಿ, ಇಪ್ಪತ್ತೆರಡು ವರ್ಷ, ಬಾಯಿ ಮಾತ್ರ ಉದಗೀರದ ಪೇಟೆಯಷ್ಟು ದೊಡ್ಡದು. "ತಪ್ಪು ಪಾಳಿದಲ್ರೀ ಅತ್ತಿ. ಒಲಿದು."

ಸುಮನಬಾಯಿ ಕೆಮ್ಮು ನುಂಗಿದಳು.

"ಏನಂದಿ?"

"ಒಲಿದು ತಪ್ಪದ ಅಂದೆ. ಬೆಂಕಿ ಒಳಗ, ಹೊಗಿನೂ ಒಳಗ. ಉದಗೀರದಾಗ ನಮ್ಮ ಸೋದರತ್ತಿ ಮನ್ಯಾಗ ಒಲಿಗಿ ಹಿಂದ ಕೊಳವಿ ಹಾಕ್ಯಾರ. ಹೊಗಿ ಗೋಡಿ ಹಾದು ಹೊರಗ ಹೋಗ್ತದ. ಕಣ್ಣಾಗ ಒಂದು ಹನಿ ನೀರು ಬರಂಗಿಲ್ಲ."

"ಮೂವತ್ತು ವರ್ಷ ಈ ಒಲಿ ಉರದದ. ಒಬ್ಬರು ಹೆಸರಿಟ್ಟಿಲ್ಲ."

"ಮೂವತ್ತು ವರ್ಷ ಯಾರೂ ಬಾಯಿ ಬಿಚ್ಚಿಲ್ಲ, ಅಷ್ಟೇ ರೀ."

ಕಸ್ತೂರಬಾಯಿ ಹೋಗಿ ಮತ್ತೆ ಮಜ್ಜಿಗೆ ಕಡೆಯಲಿಕ್ಕೆ ಕೂತಳು. ನಿನ್ನೆ ಮೊನ್ನೆ ಬಂದ ಹುಡುಗಿ ಊರಿಗೆ ಊರೇ ಮೆಚ್ಚಿದ ಕೈಗೆ ಹೆಸರಿಡುವುದೆಂದರೇನು? ಆ ದಿನ, ಮರುದಿನ ಆಕೆ ಚಂಪಾಬಾಯಿಯ ಕಡೆ ಮುಖ ಎತ್ತಿ ನೋಡಲಿಲ್ಲ. ಪುಂಡಿಪಲ್ಯ ಬಡಿಸಿದರೆ ಬೇಡವೆಂದು ಬರೀ ಖಾರದಪುಡಿ, ಎಣ್ಣೆಯಲ್ಲಿ ರೊಟ್ಟಿ ತಿಂದಳು. ರೇವಣಪ್ಪ, "ಏನಾಗ್ಯದ ನಿಂಗ?" ಎಂದರೆ, "ಏನಾಗ್ಬೇಕು? ಹಳೀ ಒಲಿ ನಾ, ಹೊಗಿ ಬಿಡ್ಲಿಕತ್ತೀನಿ" ಅಂದಳು. ಅವನಿಗೆ ತಳಬುಡ ತಿಳಿಯಲಿಲ್ಲ. ಚಿಲುಮೆ ತಗೊಂಡು ಕಟ್ಟೆಗೆ ಹೋದ.

ಮೂರನೆಯ ದಿನ ಸುಮನಬಾಯಿ ರೊಟ್ಟಿ ಬಡಿಯುತ್ತ ಬಡಿಯುತ್ತ ಕೆಮ್ಮಿ ಕೆಮ್ಮಿ ಹಿಟ್ಟಿನ ಮೇಲೆಯೇ ಒರಗಿದಳು. ಕಸ್ತೂರಬಾಯಿ ಓಡಿಹೋಗಿ ಬೆನ್ನು ತಿಕ್ಕಿದಳು. ಎತ್ತಿ ಹೊರಗೆ ತಂದು ಕೂಡಿಸಿ ನೀರು ಕುಡಿಸಿದಳು. ಸುಮನಬಾಯಿ ಉಸಿರು ತಿರುಗಿದ ಮೇಲೆ ಮೆಲ್ಲಗೆ, "ನಂಗ ಬ್ಯಾರಿ ಮನಿ ಬ್ಯಾಡ್ರೀ ಅತ್ತಿ, ಬ್ಯಾರಿ ಹೊಲ ಬ್ಯಾಡ. ಬಯಲಾಗ ಒಂದ್ ಒಲಿ ಸಿಕ್ರ ಸಾಕಾಗ್ಯದ" ಅಂದಳು.

ಕಸ್ತೂರಬಾಯಿ ನೀರಿನ ತಂಬಿಗೆ ಎತ್ತಿಕೊಂಡು ಒಳಗೆ ಬಂದಳು. ಇವತ್ತು ಬಯಲಿನಲ್ಲಿ ಒಲೆ ಎನ್ನುವವಳು ನಾಳೆ ಬೇರೆ ಒಲೆ ಎನ್ನದೆ ಇರುತ್ತಾಳೆಯೇ? ಪಾಳಿಯ ಜಗಳ ಹೀಗೇ ನಡೆದರೆ ಇಬ್ಬರು ಸೊಸೆಯರೂ ಗಂಡಂದಿರ ಕಿವಿ ಕಚ್ಚುತ್ತಾರೆ, ಬರುವ ಯುಗಾದಿಗೆ ಮನೆ ಎರಡಾಗುತ್ತದೆ. ಇನ್ನೊಬ್ಬರ ಮನೆಗಳಲ್ಲಿ ಎಷ್ಟು ಸಲ ನೋಡಿಲ್ಲ?

ಆ ದಿನ ಮಧ್ಯಾಹ್ನ ಸಗಣಿಯ ಕುಳ್ಳು ಒಟ್ಟುತ್ತಿದ್ದ ಚಂಪಾಬಾಯಿಯ ಹತ್ತಿರ ಹೋಗಿ, ಎತ್ತಲೋ ನೋಡುತ್ತ ಕೇಳಿದಳು: "ನಿಮ್ಮ ಸೋದರತ್ತಿ ಒಲಿ... ಬಾಯಿ ಎಷ್ಟದ?"

ಚಂಪಾಬಾಯಿ ನಕ್ಕುಬಿಟ್ಟಳು. "ಗೇಣು ಹಾಕಿ ನೋಡಿಲ್ರೀ ಅತ್ತಿ."

"ಮತ್ತೇನ್ ನೋಡಿದಿ, ಮಣ್ಣು? ನಾಳಿ ಹುತ್ತದ ಮಣ್ಣು ತಗೊಂಡ್ ಬಾ. ಯಾರ ಮುಂದೂ ಬಾಯಿ ಬಿಡಬ್ಯಾಡ. ನಿಮ್ಮ ಮಾವಗ ತಿಳೀತಂದ್ರ ಊರೆಲ್ಲ ನಗಸ್ತಾನ. ಸುಮನಾಗೂ ಹೇಳ್ಬ್ಯಾಡ. ಆಗೋ ಮೊದಲ ಆಸೆ ತೋರಿಸಬಾರ್ದು."

ಹಿತ್ತಿಲಿನ ತುದಿಗೆ ಕರುಗಳ ಕೊಟ್ಟಿಗೆ. ತಗಡಿನ ಮಾಡು, ಹಿಂದಿನ ಗೋಡೆ ಮಣ್ಣಿನದು, ಬೇಕಾದಷ್ಟು ಗಾಳಿ. ಒಂದು ಮೂಲೆ ಖಾಲಿ ಮಾಡಿ ಅತ್ತೆ ಸೊಸೆ ಅಲ್ಲಿ ಕೂತರು. ಕುಂಬಾರ ಮನ್ಮಥಪ್ಪನ ಮನೆಯಿಂದ ಬಿರುಕು ಬಿಟ್ಟ ಗಡಿಗೆ ತಂದು, ತಳ ಒಡೆದು, ಒಂದರ ಬಾಯಿಗೆ ಒಂದು ಕೂಡಿಸಿ ಕೊಳವೆ ಮಾಡಿ, ಗೋಡೆಯಿಂದ ಹೊರಗೆ ದಾಟಿಸಿ ಮೇಲಕ್ಕೆ ನಿಲ್ಲಿಸಿದರು. ಮೊದಲನೆಯ ಒಲೆ ಹೊತ್ತಿಸಿದ ದಿನ ಹೊಗೆ ಕೊಳವೆಯ ತನಕ ಹೋಗಿ, ಅಲ್ಲಿಂದ ತಿರುಗಿ ಇಬ್ಬರ ಮುಖಕ್ಕೇ ಬಂತು. ಕರುಗಳು ಹಗ್ಗ ಜಗ್ಗಿ ಒದರಿದವು. ಕಸ್ತೂರಬಾಯಿ ಅದನ್ನು ಕೆಡವಿದಳು.

ಎರಡನೆಯದಕ್ಕೆ ಕೊಳವೆಯ ಬಾಯಿ ದೊಡ್ಡದು ಮಾಡಿದಳು. ಹೊಗೆ ಹೋಯಿತು, ಜತೆಗೆ ಉರಿಯೂ ಹೋಯಿತು. ತೊಗರಿ ಕಟ್ಟಿಗೆ ಒಂದು ಹೊರೆ ಸುಟ್ಟರೂ ಹಂಚು ಕಾಯಲಿಲ್ಲ. ಇನ್ನೊಂದು ತೊಂದರೆ ಅದಕ್ಕಿಂತ ದೊಡ್ಡದು. ಹಂಚಿನಿಂದ ಇಳಿಸಿದ ಜೋಳದ ರೊಟ್ಟಿಯನ್ನು ಒಲೆಯ ಬಾಯಲ್ಲಿ ಕೆಂಡಕ್ಕೆ ಒಡ್ಡಿದರೆ ಅಲ್ಲವೇ ಉಬ್ಬುವುದು? ಉದಗೀರದ ಆ ಒಲೆಗೆ ಬಾಯಿ ಇಷ್ಟೇ ಇಷ್ಟು. ಅದರಲ್ಲಿ ಅನ್ನ ಆಗುತ್ತದೆ, ಚಪಾತಿ ಆಗುತ್ತದೆ. ರೊಟ್ಟಿ ಮಾತ್ರ ಚಕ್ಕಳದ ಹಾಗೆ ಚಪ್ಪಟೆ.

"ಬಿಡ್ರಿ ಅತ್ತಿ," ಚಂಪಾಬಾಯಿ ಸೋತು ಹೇಳಿದಳು. ಸೀರೆ, ಕೂದಲು ಎಲ್ಲ ಮಣ್ಣು. "ನಮ್ಮ ನಸೀಬ್ದಾಗ ಹೊಗೀನೇ ಬರದದ."

"ಬಾಯಿ ಮುಚ್ಚು. ಕೈ ಇನ್ನೂ ಗಟ್ಟಿ ಅದಾವ ನನ್ನ."

ಹಾಗೆ ಹೇಳಿದರೂ ಆಕೆಗೂ ದಾರಿ ತಿಳಿದಿರಲಿಲ್ಲ. ಎಂಟು ದಿನ ಅದೇ ಧ್ಯಾನ. ಬ್ಯಾಳಿಗೆ ಎರಡು ಸಲ ಉಪ್ಪು ಹಾಕಿದಳು. ಮೊಮ್ಮಗಳ ಜಡೆ ಹೆಣೆಯುತ್ತ ಹೆಣೆಯುತ್ತ ನಡುವೆ ಕೈ ನಿಲ್ಲಿಸಿ ಗೋಡೆ ನೋಡುತ್ತ ಕೂತಳು. ಇಷ್ಟು ವರ್ಷ ಒಲೆಯ ಬಾಯಿ ಒಂದು ಗೇಣೇ ಯಾಕೆ ಎಂದು ಆಕೆ ಕೇಳಿಕೊಂಡೇ ಇರಲಿಲ್ಲ. ಅತ್ತೆ ಅಂದಿದ್ದಳು, ಅತ್ತೆಗೆ ಅವಳ ಅತ್ತೆ ಅಂದಿದ್ದಳು. ಈಗ ಕೇಳಿಕೊಂಡರೆ ಕೈಗೂ ಉತ್ತರ ಗೊತ್ತಿಲ್ಲ. ಐವತ್ತೈದನೆಯ ವಯಸ್ಸಿಗೆ ಇದೊಂದು ಹೊಸ ದಣಿವು.

ದಾರಿ ತೋರಿಸಿದ್ದು ಯಾವುದು ಎಂದರೆ ನಗು ಬರುತ್ತದೆ. ರೇವಣಪ್ಪನ ಚಿಲುಮೆ. ಮದುವೆಯಾದಾಗಿನಿಂದ ಆಕೆ ಅದನ್ನು ಬೈಯದ ದಿನವಿಲ್ಲ. ಆ ದಿನ ಕಟ್ಟೆಯ ಮೇಲೆ ಅವನು ಅಂಗೈ ಗುಂಡಗೆ ಮಾಡಿ, ಬೆರಳ ಸಂದಿ ಒಂದಿಷ್ಟು ಬಿಗಿದು, ಒಂದಿಷ್ಟು ಸಡಿಲಿಸಿ ದಮ್ಮು ಎಳೆಯುತ್ತಿದ್ದ. ಬಿಗಿದರೆ ಕೆಂಡ ಕೆಂಪು, ಸಡಿಲಿಸಿದರೆ ಮಂಕು. ಕಸ್ತೂರಬಾಯಿ ಕೈಯಲ್ಲಿ ಮೊರ ಹಿಡಿದು ನೋಡುತ್ತ ನಿಂತೇಬಿಟ್ಟಳು.

"ಏನ್ ನೋಡ್ತಿ? ಬೈಯೋದು ಮರತಿಯೇನು?" ರೇವಣಪ್ಪ ಕೇಳಿದ.

"ಇನ್ನೊಂದ್ ಸಲ ಎಳೀರಿ," ಅಂದಳು ಆಕೆ.

ಅವನು ಗಾಬರಿಯಾಗಿ ಚಿಲುಮೆಯನ್ನೇ ಕೆಳಗಿಟ್ಟ.

ಮೂರನೆಯ ಒಲೆ ಹಾಗೆ ಆಯಿತು. ಕೊಳವೆಯ ಬಾಯಿಗೆ ಒಂದು ಗಡಿಗೆಯ ಚೂರು ಇಟ್ಟಳು. ಅದನ್ನು ಬೆರಳಿನಿಂದ ಇತ್ತ ಸರಿಸಿದರೆ ಉರಿ ನಿಲ್ಲುತ್ತದೆ, ಅತ್ತ ಸರಿಸಿದರೆ ಹೊಗೆ ಓಡುತ್ತದೆ. ಒಲೆಯ ಮುಂದೆ ಒಂದು ಗೇಣಿನ ಕಟ್ಟೆ ಮಾಡಿ ಅಲ್ಲಿಗೆ ಕೆಂಡ ಎಳೆದುಕೊಳ್ಳಲು ಜಾಗ ಬಿಟ್ಟಳು. ರೊಟ್ಟಿ ಅದಕ್ಕೆ ಒರಗಿ ನಿಂತು ಉಬ್ಬುತ್ತಿತ್ತು. ಹಂಚಿಗೆ ಒಂದು ಬಾಯಿ, ಪಲ್ಯಕ್ಕೆ ಹಿಂದೆ ಇನ್ನೊಂದು ಬಾಯಿ. ಇಬ್ಬರು ಸೊಸೆಯರು ಎದುರು ಬದುರು ಕೂತು ಒಂದೇ ಉರಿಯಲ್ಲಿ ಮಾಡಬಹುದು, ಪಾಳಿಯೇ ಬೇಡ. ಮೊದಲ ರೊಟ್ಟಿ ಉಬ್ಬಿದಾಗ ಚಂಪಾಬಾಯಿ ಚಪ್ಪಾಳೆ ಹೊಡೆದಳು. ಕಸ್ತೂರಬಾಯಿ ಅದನ್ನು ಮುರಿದು ವಾಸನೆ ನೋಡಿದಳು, ತಿಂದಳು. ಆಮೇಲೆ ಒಲೆಯ ಹಣೆಗೆ ಒದ್ದೆ ಮಣ್ಣು ಮೆತ್ತಿ, ಹೆಬ್ಬೆರಳು ಒತ್ತಿ ಬಿಲ್ವದೆಲೆ ಹಾಕಿದಳು. ಎಷ್ಟೋ ವರ್ಷದ ಮೇಲೆ ಆಕೆಗೆ ಮೈತುಂಬ ಖುಷಿಯಾಗಿತ್ತು.

"ಎಳ್ಳಮವಾಸಿ ದಿನ ತೋರಿಸೋಣು ಎಲ್ಲಾರಿಗೂ," ಅಂದಳು. "ಅಷ್ಟರೊಳಗ ಪೂರಾ ಒಣಗಲಿ. ದಿನಾ ಒಂದೀಟು ಉರಿ ಹಾಕು."

ಎಳ್ಳಮಾವಾಸ್ಯೆ ಎಂದರೆ ಆ ಸೀಮೆಗೆ ದೊಡ್ಡ ಹಬ್ಬ. ಹತ್ತು ಬಗೆಯ ಕಾಯಿಪಲ್ಲೆ, ಕಾಳು ಸೇರಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಎಲ್ಲ ಹೊತ್ತುಕೊಂಡು ಮನೆಗೆ ಮನೆಯೇ ಹೊಲಕ್ಕೆ ಹೋಗಿ ಉಣ್ಣಬೇಕು. ಅದಕ್ಕೆ ಇನ್ನು ಹನ್ನೆರಡು ದಿನ. ಚಂಪಾಬಾಯಿ ದಿನಾ ಬೆಳಗ್ಗೆ ಕೊಟ್ಟಿಗೆಯಲ್ಲಿ ಉರಿ ಹಾಕಿ ಹಾಲು ಕಾಯಿಸಿ ಬರುತ್ತಿದ್ದಳು.

ಆ ದಿನಗಳಲ್ಲಿ ಮನೆಯೊಳಗೆ ಏನೋ ಬದಲಾಗುತ್ತಿತ್ತು. ಸುಮನಬಾಯಿ ಮಾತು ಕಡಿಮೆ ಮಾಡಿದಳು. ಪಾಳಿಗೆ ಜಗಳವಿಲ್ಲ, ತನ್ನ ಪಾಡಿಗೆ ತಾನು ಕೆಮ್ಮುತ್ತ ಮಾಡಿ ಪಾತ್ರೆ ಕುಕ್ಕುತ್ತಿದ್ದಳು. ವೀರಭದ್ರ ಎರಡನೆಯ ಸಲ ಮಜ್ಜಿಗೆ ಕೇಳದೆ ಎದ್ದು ಹೋಗುತ್ತಿದ್ದ. ಕಲ್ಯಾಣಪ್ಪ ಬಾವಿ ಹೊಲದ ಬದುವಿಗೆ ದಿನಕ್ಕೆ ಎರಡು ಸಲ ಹೋಗಿ ನಿಂತು ಬರುತ್ತಿದ್ದ. ತೊಗರಿಗೆ ಹುಳ ಬಿದ್ದದ್ದಕ್ಕೆ ಇಬ್ಬರಿಗೂ ಚಿಂತೆ ಎಂದುಕೊಂಡಳು ಕಸ್ತೂರಬಾಯಿ. ಆಕೆಯ ತಲೆಯಲ್ಲಿ ಒಲೆ ಬಿಟ್ಟು ಬೇರೇನೂ ಇರಲಿಲ್ಲ.

ಹಬ್ಬದ ಹಿಂದಿನ ದಿನ ಬೆಳಗ್ಗೆ ಬಕ್ಕಪ್ಪ ಬಂದು ಕಟ್ಟೆಯ ಮೇಲೆ ಕೂತ. ಅಪ್ಪ ಮಕ್ಕಳು ಮೂವರೂ ಅಲ್ಲೇ ಇದ್ದರು. ಕಸ್ತೂರಬಾಯಿ ಒಳಗೆ ಅವರೆಕಾಳು ಬಿಡಿಸುತ್ತಿದ್ದಳು.

"ಏನ್ ರೇವಣಪ್ಪಾ, ಇಷ್ಟ್ ದೊಡ್ಡ ಕಾರ್ಯ ಮಾಡಿದಿ, ನಮಗೊಂದ್ ಮಾತ್ ಹೇಳ್ಬಾರದೇನಪಾ? ಪಂಚರಾಗ ಕೂಡ್ಲಿಕ್ಕಿ ನಾ ಬ್ಯಾಡಾದ್ನೇನು?"

"ಯಾ ಕಾರ್ಯ?"

"ಹುಡುಗರು ಬ್ಯಾರಿ ಆದ್ರಂತಲ್ಲ. ಹತ್ತು ದಿನದಿಂದ ನೋಡ್ಲಿಕತ್ತೀನಿ, ನಿಮ್ಮ ಮನಿಮ್ಯಾಲ ಎರಡು ಹೊಗಿ ಏಳ್ತಾವ. ಹೊಲದಾಗ ನಿಂತ್ರೂ ಕಾಣಸ್ತದ. ನಿನ್ನಿ ಕಾಸಾರಶಿರಸಿ ಬಾಜಾರದಾಗೂ ಅದೇ ಮಾತು."

ರೇವಣಪ್ಪ ಎದ್ದು ನಿಂತ. "ವೀರಭದ್ರನವ್ವಾ! ಏ, ಹೊರಗ ಬಾ ಇಲ್ಲಿ!"

ಕಸ್ತೂರಬಾಯಿ ಉಡಿಯಲ್ಲಿ ಕಾಳು ಇಟ್ಟುಕೊಂಡೇ ಬಂದಳು. ಸಂಗತಿ ಕೇಳಿ ಆಕೆಗೆ ಮೊದಲು ನಗು ಬಂತು. "ಅಯ್ಯ ನಮ್ಮಪ್ಪಾ! ಅದು ಬ್ಯಾರಿ ಆಗೋ ಒಲಿ ಅಲ್ರೀ, ಅದು..."

ಆಕೆಯ ಮಾತು ಮುಗಿಯುವುದಕ್ಕೇ ಬಿಡಲಿಲ್ಲ ವೀರಭದ್ರ. "ಹೋಗ್ಲಿ ಬಿಡಪ್ಪಾ. ಒಂದಿಲ್ಲೊಂದಿನ ಆಗೋದೇ ಅದ. ಅವ್ವನೇ ತನ್ನ ಕೈಲೆ ಒಲಿ ಹಾಕ್ಯಾಳಂದ್ರ ನಾ ಯಾಕ ಒಲ್ಲೆ ಅನ್ಲಿ? ಬಾವಿ ಹೊಲ ನಂಗ ಕೊಡು. ಬಾಕಿದ್ದು ಹ್ಯಾಂಗರ ಹಂಚು."

"ಬಾವಿ ಹೊಲ ನಿಂಗ್ಯಾಕ?" ಕಲ್ಯಾಣಪ್ಪ ಕಟ್ಟೆಯಿಂದ ಜಿಗಿದ. "ನಾಲ್ಕು ವರ್ಷದಿಂದ ಅಲ್ಲಿ ಮೊಟ್ಟಿ ಹೊಡದು ನೀರು ಎತ್ತಿದಾವ ನಾನು. ಹಿಸ್ಸಾ ಕೇಳಾವ ನೀನು, ಮ್ಯಾಲ ಒಳ್ಳೇ ಹೊಲಾನೂ ನಿಂಗ?"

"ಹಿಸ್ಸಾ ಕೇಳಿದಾವ ನಾನಾ? ನಿನ್ನ ಹೇಣತಿ ಸಲುವಾಗಿ ಅಲ್ಲೇನು ಅವ್ವ ಒಲಿ ಹಾಕಿದ್ದು? ಸುಮನಾ ತನ್ನ ಕಣ್ಣಿಲೆ ನೋಡ್ಯಾಳ, ಇಬ್ಬರೂ ಕದ್ದು ಮುಚ್ಚಿ ಮಣ್ಣು ತುಳಿಯೋದು."

"ನೀನೇ ಅವ್ವಗ ಹೇಳಿ ಹಾಕ್ಸಿದಿ ಅಂತ ತಿಳ್ಕೊಂಡೀನಿ ನಾ! ಅದಕ್ಕ ಸುಮ್ನಿದ್ದೆ."

"ಇಲ್ರೀ ಭಾವಾ, ಇಲ್ರೀ ಮಾವಾ!" ಬಾಗಿಲಲ್ಲಿ ನಿಂತ ಚಂಪಾಬಾಯಿ ಅಳುಮೋರೆ ಮಾಡಿ ಕೂಗಿದಳು. "ಅದು ಹೊಗಿ ಹೊರಗ ಹೋಗೋ ಒಲಿ! ಅಕ್ಕನ ಕೆಮ್ಮಿನ ಸಲುವಾಗಿ ಹಾಕ್ಯಾರ ಅತ್ತಿ! ಯಾರೂ ಬ್ಯಾರಿ ಆಗ್ಲಿಕತ್ತಿಲ್ಲ!"

ಸುಮನಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. "ನನ್ನ ಸಲುವಾಗ್ಯಾ?" ಎಂದು ತನಗೇ ಕೇಳುವಷ್ಟು ಸಣ್ಣಗೆ ಅಂದಳು.

ಕಸ್ತೂರಬಾಯಿ ಒಬ್ಬ ಮಗನ ಮುಖ ನೋಡಿದಳು, ಇನ್ನೊಬ್ಬನ ಮುಖ ನೋಡಿದಳು. ಇಬ್ಬರೂ ಕೆಳಗೆ ನೋಡುತ್ತಿದ್ದರು. ಹತ್ತು ದಿನ. ಹತ್ತು ದಿನದಿಂದ ಇಬ್ಬರೂ ಆ ಎರಡನೆಯ ಹೊಗೆ ನೋಡಿದ್ದಾರೆ. ಯಾಕವ್ವಾ ಹೀಗೆ ಮಾಡಿದಿ ಎಂದು ಒಬ್ಬನಾದರೂ ಓಡಿಬಂದು ಕೇಳಬೇಕಿತ್ತಲ್ಲ? ಬೇಡವ್ವಾ ಎಂದು ಕೈ ಹಿಡಿಯಬೇಕಿತ್ತಲ್ಲ? ಒಬ್ಬನೂ ಬರಲಿಲ್ಲ. ಯಾವ ಹೊಲ ತನಗೆ ಎಂದು ಮನಸ್ಸಿನಲ್ಲೇ ಆರಿಸಿಕೊಂಡು ಕೂತರು. ತಾನು ಮನೆ ಉಳಿಸಲಿಕ್ಕೆ ಮಣ್ಣು ತುಳಿಯುತ್ತಿದ್ದಾಗ ಮಕ್ಕಳಿಬ್ಬರೂ ಮನೆ ಮುರಿಯಲಿಕ್ಕೆ ತಾಯಿಯ ದಾರಿ ಕಾಯುತ್ತಿದ್ದರು.

"ನಿಂತು ನೋಡ್ತಿ ಏನ?" ರೇವಣಪ್ಪ ಗದರಿದ. "ಊರೆಲ್ಲ ನಗಿಸಿದಿ. ಒಡಿ ಮೊದಲ ಆ ಒಲಿ. ಈಗಿಂದೀಗ ಒಡಿ!"

"ಒಡೀತೀನಿ," ಅಂದಳು ಕಸ್ತೂರಬಾಯಿ.

ಉಡಿಯ ಕಾಳನ್ನು ಬುಟ್ಟಿಗೆ ಸುರಿದು ಒಳಗೆ ಹೋದಳು. ಅಡುಗೆಮನೆಯ ಒಲೆಯಿಂದ ಕೆಂಡ ಎಳೆದು ಹೆಂಚಿನ ಚೂರಿನಲ್ಲಿ ತುಂಬಿ, ಎಲ್ಲರ ಎದುರಿನಲ್ಲೇ ಹಿತ್ತಿಲಿಗೆ ದಾಟಿ, ಕೊಟ್ಟಿಗೆಯ ಒಲೆಯಲ್ಲಿ ಹಾಕಿ ಬಂದಳು. ಬರುವಾಗ ಮೂಲೆಯಲ್ಲಿದ್ದ ಹಾರೆ ತಗೊಂಡಳು. ಹಾರೆ ಹಿಡಿದು ಮತ್ತೆ ಒಳಗೇ ಹೋದಳು. ಒಂದು ಏಟಿನ ಸದ್ದು ಬಂತು. ಅದು ಎಲ್ಲಿಂದ ಬಂತೆಂದು ತಿಳಿಯುವುದಕ್ಕೆ ಹೊರಗಿನವರಿಗೆ ತುಸು ಹೊತ್ತು ಹಿಡಿಯಿತು.

ರೇವಣಪ್ಪ ಓಡಿಬಂದಾಗ ಮೂವತ್ತು ವರ್ಷದ ಒಲೆಯ ಹಣೆ ಎರಡಾಗಿತ್ತು. ಬಿಲ್ವದೆಲೆಯ ಸಾಲು ನೆಲದ ಮೇಲೆ ಬಿದ್ದಿತ್ತು. ಆಕೆ ಎರಡನೆಯ ಏಟಿಗೆ ಹಾರೆ ಎತ್ತಿದ್ದಳು.

"ಏ, ತಲಿ ತಿರುಗ್ಯದೇನು? ಮನ್ಯಾಗ ಹೆಣಾ ಬಿದ್ರ ಒಡೀತಾರ ಅದನ್ನ!"

"ಬಿದ್ದದ ಅಂತ ತಿಳ್ಕೋರಿ."

"ಅವ್ವಾ!" ವೀರಭದ್ರ ಕೈ ಹಿಡಿಯಲು ಬಂದ.

"ದೂರ ಸರಿ. ಈಗ ಬಂದಿ ನೀನು." ಆಕೆ ಏಟು ಹಾಕಿದಳು. ಮಣ್ಣು ಸಿಡಿಯಿತು. "ಇನ್ನ ಈ ಮನಿಗಿ ಒಂದೇ ಒಲಿ ಅದ. ಕರುಗಳ ಕೊಟಗ್ಯಾಗ ಅದ. ಉಣ್ಣಾವರು ಅಲ್ಲಿಗಿ ಬರ್ರಿ. ಎರಡನೇದ್ದು ನನ್ನ ಕೈಲಿಂದ ಆಗಂಗಿಲ್ಲ. ನಾ ಖರೇ ಸತ್ತ ಮ್ಯಾಲ ಯಾರ ಕೈಲೆ ಹಾಕಿಸ್ಕೋತೀರಿ ಹಾಕಿಸ್ಕೋರಿ. ಬಾವಿ ಹೊಲಕ್ಕ ಆಗ ಬಡದಾಡ್ರಿ."

ಬಕ್ಕಪ್ಪ ಯಾವಾಗ ಎದ್ದು ಹೋದನೋ ಯಾರೂ ನೋಡಲಿಲ್ಲ.

ಮಧ್ಯಾಹ್ನವಾಯಿತು. ನಾಳೆ ಹಬ್ಬ, ಮಕ್ಕಳಿಗೆ ಹಸಿವು, ಕೆಲಸ ಯಾರ ಸಿಟ್ಟಿಗೂ ಕಾಯುವುದಿಲ್ಲ. ಚಂಪಾಬಾಯಿ ಕರುಗಳನ್ನು ಬಯಲಿಗೆ ಕಟ್ಟಿ ನೆಲ ಸಾರಿಸಿದಳು. ಸುಮನಬಾಯಿ ಹಿಟ್ಟಿನ ಬುಟ್ಟಿ ಹೊತ್ತುಕೊಂಡು ತಾನಾಗಿಯೇ ಬಂದು ಹಂಚಿನ ಮುಂದೆ ಕೂತಳು. ಕಸ್ತೂರಬಾಯಿ ಆಕೆಯ ಬೆರಳು ಹಿಡಿದು ಗಡಿಗೆಯ ಚೂರು ಸರಿಸುವುದನ್ನು ತೋರಿಸಿದಳು. ರೊಟ್ಟಿಯ ಮೇಲೆ ರೊಟ್ಟಿ ಬಿತ್ತು. ಸುಮನಬಾಯಿ ಒಂದು ಸಲವೂ ಕೆಮ್ಮಲಿಲ್ಲ.

ಮೊದಲು ಮಕ್ಕಳು ಬಂದು ಕೂತವು. ಆಮೇಲೆ ರೇವಣಪ್ಪ, ತಗ್ಗು ಬಾಗಿಲಿಗೆ ತಲೆ ಬಡಿಸಿಕೊಂಡು ಬೈಯುತ್ತ ಬಂದ. ಕಲ್ಯಾಣಪ್ಪ ಬಂದ. ಎಲ್ಲರಿಗಿಂತ ಹಿಂದೆ ವೀರಭದ್ರ. ಅಣ್ಣತಮ್ಮಂದಿರು ನಡುವೆ ಇಬ್ಬರು ಮಕ್ಕಳನ್ನು ಕೂಡಿಸಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಕೂತರು. ಬಾವಿ ಹೊಲದ ಮಾತು ಬರಲಿಲ್ಲ. ಬರುತ್ತದೆ, ಇವತ್ತಲ್ಲ ನಾಳೆ ಬಂದೇ ಬರುತ್ತದೆ ಎಂದು ಕಸ್ತೂರಬಾಯಿಗೆ ಗೊತ್ತಿತ್ತು. ಒಮ್ಮೆ ಬಾಯಿಯಿಂದ ಹೊರಬಿದ್ದ ಮಾತನ್ನು ಒಳಗೆ ತಳ್ಳುವ ಒಲೆ ಹಾಕಲು ಆಕೆಗೆ ಬರುತ್ತಿರಲಿಲ್ಲ.

ಬ್ಯಾಳಿ ಬಡಿಸುತ್ತ ಬಡಿಸುತ್ತ ಆಕೆಯ ಕಣ್ಣಿನಿಂದ ನೀರು ಇಳಿಯಲಿಕ್ಕೆ ಹತ್ತಿತು. ತಡೆದರೂ ನಿಲ್ಲಲಿಲ್ಲ. ಸೆರಗಿನಿಂದ ಒರೆಸಿಕೊಂಡು, ಮೂವತ್ತು ವರ್ಷದ ರೂಢಿಯಂತೆ, "ಹೊಗಿ, ಹೊಗಿ" ಅಂದಳು.

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಎಲ್ಲರ ಕೈ ತಾಟಿನಲ್ಲೇ ನಿಂತಿತು. ತಗಡಿನ ಸಂದಿಯಿಂದ ಬಿಸಿಲು ನೆಟ್ಟಗೆ ಬೀಳುತ್ತಿತ್ತು, ಅದರಲ್ಲಿ ಹೊಗೆಯ ಒಂದು ಎಳೆಯೂ ಇರಲಿಲ್ಲ.

"ಎಲ್ಯದ ಹೊಗಿ, ಆಯಿ?" ಎಂದಳು ಮೊಮ್ಮಗಳು, ಮೇಲೆ ಕೆಳಗೆ ನೋಡುತ್ತ. ಚಂಪಾಬಾಯಿ ಅವಳ ತೊಡೆ ಚಿವುಟಿದಳು.

ರೇವಣಪ್ಪ ತಲೆ ಎತ್ತಲಿಲ್ಲ. ರೊಟ್ಟಿ ಮುರಿಯುತ್ತಲೇ, "ಅದ ಅದ," ಎಂದ. "ಇವತ್ತ ಭಾಳ ಹೊಗಿ ಅದ. ಉಣ್ರಿ ಸುಮ್ಮನ."

ಎಲ್ಲರೂ ಉಣ್ಣತೊಡಗಿದರು.